ನೋಡುವ ಕೈ

ಆ ಕುದುರೆ ಲಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ. ಬಿಗಿಯುವ ಕೈ ಬೇರೆ, ನೋಡುವ ಕೈ ಬೇರೆ. ಒಬ್ಬರು ಕುದುರೆಯ ಬೆನ್ನಿಗೆ ಜೀನು ಹಾಕಿ, ಹೊಟ್ಟೆಪಟ್ಟಿ ಎಳೆದು, ಬಕಲ್ಲು ಕೂರಿಸಬೇಕು. ಇನ್ನೊಬ್ಬರು ಬಂದು, ಮೊದಲಿನವರು ಏನೂ ಮಾಡಿಲ್ಲವೆಂದೇ ತಿಳಿದು, ಎಲ್ಲವನ್ನೂ ಹೊಸದಾಗಿ ನೋಡಬೇಕು. ಪಟ್ಟಿಗೂ ಹೊಟ್ಟೆಗೂ ನಡುವೆ ಬೆರಳು ತೂರಿಸಬೇಕು, ಕಾಲಿಡುವ ರಿಕಾಬನ್ನು ಜಗ್ಗಬೇಕು, ಕಡಿವಾಣ ಸರಿಯಾಗಿ ಕೂತಿದೆಯೇ ಎಂದು ಬಾಯಿಗೆ ಕೈ ಹಾಕಬೇಕು, ಗೊರಸು ಎತ್ತಿ ಲಾಳ ನೋಡಬೇಕು. ಅದೆಲ್ಲ ಆದ ಮೇಲೆ ಹತ್ತುವವರು "ನೋಡಿದ್ಯಾ?" ಎಂದು ಕೇಳಬೇಕು, ನೋಡಿದವರು "ನೋಡಿದೆ" ಎನ್ನಬೇಕು. ಈ ಎರಡು ಮಾತು ಆಗದೆ ಯಾರ ಕಾಲೂ ನೆಲ ಬಿಡುವಂತಿರಲಿಲ್ಲ.

ಕಟ್ಟಳೆ ಮಾಡಿದವನು ಅಪ್ಪ. "ಕುದುರೆ ಹತ್ತೋದೇನು ದೊಡ್ಡ ವಿಷಯ ಅಲ್ಲ, ನಮಗೆ ಬೇಕಾದಾಗ ಇಳಿಯೋದು ದೊಡ್ಡ ವಿಷಯ" ಎಂದು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದ. ಮೊದಲ ಸಲ ಕೇಳಿದವರು ನಗುತ್ತಿದ್ದರು, ಮನೆಯವರು ಆಕಳಿಸುತ್ತಿದ್ದರು. ಊರಂಚಿನ ಬಯಲಿಗೆ ಮರದ ಬೇಲಿ ಹಾಕಿ, ಒಂದಷ್ಟು ಕುದುರೆ ಇಟ್ಟುಕೊಂಡು ಸವಾರಿ ಕಲಿಸುವುದು ಆ ಮನೆಯ ಕೆಲಸ. ಅಪ್ಪ ಜೀನು ಹೊಲಿಯುವವನೂ ಹೌದು, ಬಿಗಿಯುವವನೂ ಹೌದು. ಅಣ್ಣ ಲಾಳ ಹೊಡೆಯುತ್ತಿದ್ದ. ಅತ್ತಿಗೆ ಕಲಿಸುತ್ತಿದ್ದಳು. ನೋಡುವ ಕೈ ಮಗಳದು.

ಮಗಳನ್ನು ಮನೆಯಲ್ಲೂ ಲಾಯದಲ್ಲೂ ಎಲ್ಲರೂ ಕರೆಯುವುದು ಕಡ್ಡಿ ಎಂದೇ. ಚಿಕ್ಕವಳಿದ್ದಾಗ ಸಣಕಲಿಯಾಗಿದ್ದಳೆಂದು ಬಿದ್ದ ಹೆಸರು. ಮೈಕೈ ತುಂಬಿಕೊಂಡ ಮೇಲೂ ಅದು ಹೋಗಲಿಲ್ಲ, ಯಾಕೆಂದರೆ ಅವಳು ಆಡುವ ಮಾತು ಕಡ್ಡಿ ಮುರಿದ ಹಾಗೆ. ಚಹಾ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುತ್ತಿದ್ದಳು, ಬಂದ ನೆಂಟರು ಹೆಚ್ಚು ದಿನ ಉಳಿದರೆ ಯಾವಾಗ ಹೊರಡುತ್ತೀರಿ ಎನ್ನುತ್ತಿದ್ದಳು. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ ಎಂದು ಅಪ್ಪ ಹೆಮ್ಮೆಯಿಂದಲೂ ಸ್ವಲ್ಪ ದಿಗಿಲಿನಿಂದಲೂ ಹೇಳಿಕೊಳ್ಳುತ್ತಿದ್ದ. ನೋಡುವ ಕೆಲಸವನ್ನು ಅವಳಿಗೆ ಕೊಟ್ಟಿದ್ದೂ ಅದಕ್ಕೇ.

ಅವಳ ಪ್ರಾಣವೆಲ್ಲ ಇದ್ದದ್ದು ಜಂಬಿಯ ಮೇಲೆ. ಜಂಬಿ ಕಂದು ಬಣ್ಣದ ಹೆಣ್ಣು ಕುದುರೆ. ಜೀನು ಹಾಕುವಾಗ ಉಸಿರು ಹಿಡಿದು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು, ಅದಕ್ಕೇ ಆ ಹೆಸರು. ಆಗ ಪಟ್ಟಿ ಎಷ್ಟೇ ಬಿಗಿದರೂ ಉಪಯೋಗವಿಲ್ಲ. ನಾಲ್ಕು ಹೆಜ್ಜೆ ನಡೆಸಿದರೆ ಉಸಿರು ಬಿಡುತ್ತದೆ, ಹೊಟ್ಟೆ ಇಳಿಯುತ್ತದೆ, ಪಟ್ಟಿ ಜೋತುಬೀಳುತ್ತದೆ. ಹಾಗಾಗಿ ಜಂಬಿಯ ವಿಷಯದಲ್ಲಿ ನೋಡುವ ಕೈ ಬರೀ ನೋಡುವುದಲ್ಲ, ನಡೆಸಿ ತಂದ ಮೇಲೆ ಪಟ್ಟಿಯ ಇನ್ನೊಂದು ಕೊನೆಯ ಬಕಲ್ಲನ್ನು ಒಂದೆರಡು ತೂತು ಮೇಲಕ್ಕೆ ಎಳೆದೇ ತೀರಬೇಕು. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಹುಶಃ ಬೆಕ್ಕಿಗೂ ಗೊತ್ತು.

ಜಗಳ ಶುರುವಾದದ್ದು ಜಂಬಿಯ ಕೊರಳ ಕೂದಲಿಂದ. ಕಡ್ಡಿ ಅದನ್ನು ಉದ್ದಕ್ಕೆ ಬಿಟ್ಟು, ದಿನಾ ಬಾಚಿ, ಜಡೆ ಹಾಕಿ ಸಾಕಿಕೊಂಡಿದ್ದಳು. ಕಲಿಯುವವರ ಬೆರಳು ಸಿಕ್ಕಿಕೊಳ್ಳುತ್ತದೆಂದು ಅತ್ತಿಗೆ ಒಂದು ದಿನ ಕತ್ತರಿ ತಂದು ಗಿಡ್ಡ ಮಾಡಿಬಿಟ್ಟಳು. ಕೇಳಲೂ ಇಲ್ಲ. ಕಡ್ಡಿ ಬಂದು ನೋಡುತ್ತಾಳೆ, ಕುದುರೆ ಹೊಸದಾಗಿ ಶಾಲೆಗೆ ಸೇರಿದ ಹುಡುಗನ ಹಾಗೆ ನಿಂತಿದೆ.

"ಅತ್ತಿಗೆ, ನಿಮ್ಮ ತಲೆ ಬೋಳಿಸಿದ್ರೆ ಹೇಗಿರುತ್ತೆ?"

"ನನ್ನ ತಲೇಲಿ ಯಾರ ಬೆರಳೂ ಸಿಕ್ಕಿಹಾಕ್ಕೊಳ್ಳಲ್ವಲ್ಲ."

"ಹತ್ತೋರು ನೀವು, ಕಲಿಸೋರು ನೀವು. ಸಾಕಿದ್ದು ಯಾರು?"

"ಸಾಕಿದ್ದು ನೀನೇ ಕಣೆ, ಇಲ್ಲ ಅಂದ್ನಾ? ಕೂದಲೇನು ಮತ್ತೆ ಬೆಳೆಯಲ್ವಾ?"

ಅತ್ತಿಗೆ ಸೊಸೆಯಾಗಿ ಬಂದಾಗ ಕುದುರೆಯ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ಕೇಳುವ ಸ್ಥಿತಿಯಲ್ಲಿದ್ದಳು. ಅವಳನ್ನು ಮೊದಲ ಸಲ ಜೀನಿನ ಮೇಲೆ ಕೂರಿಸಿದವಳು ಕಡ್ಡಿಯೇ. ಈಗ ನೋಡಿದರೆ ಕಲಿಯಲು ಬರುವವರೆಲ್ಲ ಅತ್ತಿಗೆಯನ್ನೇ ಕೇಳುತ್ತಾರೆ, ಮನೆಗೆ ಹೋಗಿ ಅವಳನ್ನೇ ಹೊಗಳುತ್ತಾರೆ. ಜಗಳ ನಿಜವಾಗಿ ಕೂದಲಿನದಲ್ಲ ಎಂದು ಕಡ್ಡಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ. ಇಬ್ಬರೂ ಮಾತು ಬಿಟ್ಟರು. ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ಲಾಯ. ಮಾತು ಬಿಟ್ಟವರ ಕಷ್ಟ ಮಾತು ಬಿಟ್ಟವರಿಗೇ ಗೊತ್ತು. ಉಪ್ಪು ಬೇಕಾದರೆ ಅಣ್ಣನ ಮೂಲಕ ಕೇಳಬೇಕು. ಅಣ್ಣ "ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಎಂದು ಗೊಣಗುತ್ತ ಉಪ್ಪಿನ ಡಬ್ಬಿ ದಾಟಿಸುತ್ತಿದ್ದ. ಅಪ್ಪ ತಲೆ ಹಾಕಲಿಲ್ಲ. ಹೆಂಗಸರ ಜಗಳ ಹಾಲು ಉಕ್ಕಿದ ಹಾಗೆ, ತಾನೇ ಇಳಿಯುತ್ತದೆ ಎಂದುಕೊಂಡ.

ಮಾತು ಬಿಟ್ಟರೆ "ನೋಡಿದ್ಯಾ, ನೋಡಿದೆ" ಹೇಗೆ? ಅದಕ್ಕೂ ಇಬ್ಬರೂ ದಾರಿ ಹುಡುಕಿಕೊಂಡರು. ಕಡ್ಡಿ ಎಲ್ಲ ನೋಡಿ ಜೀನಿನ ಮೇಲೆ ಎರಡು ಸಲ ತಟ್ಟುವಳು, ಅತ್ತಿಗೆ ಹತ್ತುವಳು. ಯಾರೂ ಕೂತು ಮಾಡಿಕೊಂಡ ಒಪ್ಪಂದವಲ್ಲ, ಸಿಟ್ಟೇ ಮಾಡಿಕೊಟ್ಟ ಒಪ್ಪಂದ. ಅಪ್ಪನಿಗೆ ಗೊತ್ತಾಗಿದ್ದರೆ ಇಬ್ಬರನ್ನೂ ಬೇಲಿಯಾಚೆ ನಿಲ್ಲಿಸುತ್ತಿದ್ದ.

ಆ ಬೆಳಿಗ್ಗೆ ಕಲಿಯುವವರು ಬೇಲಿಗೆ ಒರಗಿ ಕಾಯುತ್ತಿದ್ದರು. ಅಪ್ಪ ಜಂಬಿಗೆ ಜೀನು ಹಾಕಿ, ಪಟ್ಟಿ ಬಿಗಿದು, ಲಗಾಮನ್ನು ಕಡ್ಡಿಯ ಕೈಗೆ ಕೊಟ್ಟು ಮುಂದಿನ ಕುದುರೆಗೆ ಹೋದ. ಕಡ್ಡಿ ಜಂಬಿಯನ್ನು ನಡೆಸಿಕೊಂಡು ಬಂದಳು. ಇನ್ನೇನು ಬಗ್ಗಿ ಪಟ್ಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ಬೇಲಿಯ ಹತ್ತಿರ ಅತ್ತಿಗೆ ಯಾರೊಂದಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಈಗ ನೋಡಿ, ಎಷ್ಟು ಲಕ್ಷಣವಾಗಿದಾಳೆ ಜಂಬಿ. ಮುಂಚೆ ಪೊರಕೆ ಹಾಗಿತ್ತು ಕೂದಲು." ಎಲ್ಲರೂ ನಕ್ಕರು. ಕಡ್ಡಿಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ ಬಂದು ನಿಂತು ಇವಳ ಮುಖ ನೋಡಿದಳು. ಕಡ್ಡಿ ಮುಖ ಆಚೆ ತಿರುಗಿಸಿ, ಜೀನಿನ ಮೇಲೆ ಎರಡು ಸಲ ತಟ್ಟಿದಳು. ತಟ್ಟಿದಳೋ, ಬಡಿದಳೋ. ಲಗಾಮು ಬಿಟ್ಟು ಹೊರಟುಹೋದಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಇಲ್ಲಿ ಅತ್ತಿಗೆಯ ಮೇಲಿನ ಕೋಪ ಹೊಟ್ಟೆಪಟ್ಟಿಯ ಮೇಲೆ ಹೋಯಿತು. ಅವಳು ಲಾಯದ ಬಾಗಿಲು ಮುಟ್ಟುವಷ್ಟರಲ್ಲಿ ಹಿಂದೆ ಕೂಗು ಕೇಳಿತು. ತಿರುಗಿ ನೋಡಿದರೆ ಜೀನು ಜಂಬಿಯ ಹೊಟ್ಟೆಯ ಕೆಳಗೆ ತಿರುಗಿಕೊಂಡಿದೆ, ಕುದುರೆ ಬೆದರಿ ಒದೆಯುತ್ತಿದೆ, ಅತ್ತಿಗೆ ತಿರುವಿನಲ್ಲಿ ನೆಲದ ಮೇಲೆ ಬಿದ್ದಿದ್ದಾಳೆ. ಅವಳ ಒಂದು ಕಾಲು ಕಾಲಿರಬೇಕಾದ ದಿಕ್ಕಿನಲ್ಲಿರಲಿಲ್ಲ.

ಅಣ್ಣ ಓಡಿಹೋಗಿ ಬಕಲ್ಲು ಕಿತ್ತು, ಜೀನನ್ನು ಎಳೆದು ದೂರ ಎಸೆದ. ಅಪ್ಪ ಏದುಸಿರು ಬಿಡುತ್ತ ಬಂದವನು ಮೊದಲು ಕಡ್ಡಿಯ ಕಡೆ ತಿರುಗಿ ಕೇಳಿದ.

"ನೋಡಿದ್ಯಾ?"

"ನೋಡಿದೆ" ಎಂದಳು ಕಡ್ಡಿ.

ಯೋಚಿಸಿ ಹೇಳಿದ ಸುಳ್ಳಲ್ಲ. ದಿನಾ ಹೇಳಿ ಹೇಳಿ ನಾಲಿಗೆಯ ತುದಿಯಲ್ಲೇ ಇದ್ದ ಮಾತು, ಕೇಳಿದ ಕೂಡಲೇ ಜಾರಿತು. ಹತ್ತುವ ಮೊದಲು ಆಡಬೇಕಾಗಿದ್ದ ಮಾತನ್ನು ಬಿದ್ದ ಮೇಲೆ ಆಡಿದಳು. ಆಡಿದ ಮರುಕ್ಷಣ ನುಂಗಿಕೊಳ್ಳಬಹುದಿತ್ತು, ಆದರೆ ಅತ್ತಿಗೆ ನರಳುತ್ತಿದ್ದಳು, ಎಲ್ಲರೂ ಓಡಾಡುತ್ತಿದ್ದರು, ಆಂಬುಲೆನ್ಸು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತಿಗೆಯ ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ಕಬ್ಬಿಣದ ಸರಳು ಹಾಕಿದರು. ಕಡ್ಡಿ ಆಸ್ಪತ್ರೆಯಲ್ಲಿ ಕೂತಳು, ಮನೆಗೆ ಕರೆತಂದ ಮೇಲೂ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಬೆಡ್‌ಪ್ಯಾನು ಇಟ್ಟಳು, ತೆಗೆದಳು, ಮೈ ಒರೆಸಿದಳು, ಅನ್ನ ಕಲಸಿ ಕೊಟ್ಟಳು. ನೋಡಲು ಬಂದವರು ಬೆರಗಾದರು. ಪಕ್ಕದ ಮನೆಯ ಟೈಲರಮ್ಮ ಗಲ್ಲಕ್ಕೆ ಕೈಯಿಟ್ಟು, "ನಾದಿನಿ ಅಂದ್ರೆ ಹೀಗಿರ್ಬೇಕು ನೋಡಿ. ನಮ್ಮನೇಲೂ ಇದಾಳೆ ಒಬ್ಬಳು, ಒಂದು ಲೋಟ ನೀರು ಕೊಡಲ್ಲ" ಎಂದಳು. ಕಡ್ಡಿ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಯಾರಾದರೂ ಬೈದಿದ್ದರೆ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಎಲ್ಲರೂ ಹೊಗಳುವವರೇ.

ಅತ್ತಿಗೆಗೇ ಹೇಳಿಬಿಡೋಣವೆಂದು ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿದಳು. ತಲೆ ಬಾಚುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ, ಹೇಳಲು ಅದೇ ಒಳ್ಳೆಯ ಸಮಯ. "ಅತ್ತಿಗೆ" ಎಂದಳು.

"ನಾನೇ ಹೇಳ್ಬೇಕು ಅಂತಿದ್ದೆ ಕಣೆ" ಎಂದಳು ಅತ್ತಿಗೆ. "ನಿನ್ನ ಕೇಳ್ದೆ ಜಂಬಿ ಕೂದಲು ಕತ್ತರಿಸಬಾರದಿತ್ತು. ಅವತ್ತು ಬೇಲಿ ಹತ್ರ ನಿನಗೆ ಕೇಳಿಸ್ಲಿ ಅಂತಾನೇ ಹಾಗಂದೆ. ನಿನ್ನ ಮೇಲಿನ ಸಿಟ್ಟಲ್ಲೇ ಹತ್ತಿದೆ, ಸರಿಯಾಗಿ ಕೂರಲಿಲ್ಲ ಅನ್ಸುತ್ತೆ. ಜೀನು ಜಾರುತ್ತಿದೆ ಅಂತ ಗೊತ್ತಾದಾಗ ಇಳಿಯೋದಕ್ಕೂ ಧೈರ್ಯ ಬರಲಿಲ್ಲ." ಕೈ ಹಿಂದಕ್ಕೆ ಚಾಚಿ, ಬಾಚಣಿಗೆ ಹಿಡಿದಿದ್ದ ಕಡ್ಡಿಯ ಕೈಯನ್ನು ಒತ್ತಿದಳು. "ನೀನೇನೋ ಹೇಳ್ತಿದ್ದೆ?"

"ಏನಿಲ್ಲ. ಸಿಕ್ಕು ಜಾಸ್ತಿ ಇದೆ, ನೋಯುತ್ತಾ ಅಂತ."

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೂ ಅತ್ತಿಗೆಯ ಮುಂದೆ ಅವಳು ಹೇಗೋ ದಿನ ತಳ್ಳುತ್ತಿದ್ದಳು. ತಳ್ಳಲಾಗದೆ ಹೋದದ್ದು ಅಪ್ಪನ ಮುಂದೆ.

ಅಪ್ಪ ಲೆಕ್ಕ ಹಾಕುವ ಮನುಷ್ಯ. ಜೀನು ಸುಮ್ಮನೆ ತಿರುಗುವುದಿಲ್ಲ. ಪಟ್ಟಿ ಸಡಿಲವಿದ್ದರೆ ತಿರುಗುತ್ತದೆ. ಆದರೆ ಕಡ್ಡಿ ನೋಡಿದ್ದಾಳೆ, ಅವಳು ನೋಡಿದ ಮೇಲೆ ಸಡಿಲವಿರಲು ಸಾಧ್ಯವಿಲ್ಲ. ಹಾಗಾದರೆ ತಪ್ಪು ಪಟ್ಟಿಯದ್ದು, ಅಥವಾ ಹೊಲಿಗೆಯದ್ದು, ಅಥವಾ ಬಿಗಿದವನದ್ದು. ಮೂರಕ್ಕೂ ತಾನೇ ಹೊಣೆ. ನಿಜವಾದ ಬಾಗಿಲನ್ನು ಕಡ್ಡಿಯ ಒಂದು ಮಾತು ಮುಚ್ಚಿಬಿಟ್ಟಿತ್ತು, ಪಾಪ, ಮುದುಕ ಗೋಡೆ ತಡವುತ್ತ ಉಳಿದ.

"ಬಿಚ್ಚುವಾಗ ಯಾವ ತೂತಲ್ಲಿತ್ತೋ?" ಎಂದು ಅಣ್ಣನನ್ನು ಊಟಕ್ಕೆ ಕೂತಾಗಲೆಲ್ಲ ಕೇಳಿದ.

"ಅಪ್ಪಾ, ಹೆಂಡತಿ ನೆಲದ ಮೇಲೆ ಬಿದ್ದಿರುವಾಗ ತೂತು ಎಣಿಸ್ತಾ ಕೂರ್ಲಾ?"

"ಬಕಲ್ಲಿನ ಮುಳ್ಳು ತೂತಿಗೆ ಪೂರ್ತಿ ಕೂತಿತ್ತಾ, ಅದಾದ್ರೂ?"

"ಗೊತ್ತಿಲ್ಲ ಅಂದ್ನಲ್ಲ. ಊಟ ಮಾಡಪ್ಪ."

ಜೀನು ಇಡುವ ಕೋಣೆಗೆ ಒಂದೇ ಒಂದು ಕಿಟಕಿ, ಹಗಲಲ್ಲೂ ಅಲ್ಲಿ ಮಬ್ಬು. ಅಪ್ಪ ಅಲ್ಲಿ ಚಾಪೆ ಹಾಸಿಕೊಂಡು ಕೂತು, ಆ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಕಡ್ಡಿಯನ್ನು ಕರೆದು ಟಾರ್ಚು ಹಿಡಿಯಲು ಹೇಳಿದ. ಅವಳು ಹಿಡಿದಳು. ದಾರ ತುಂಡಾಗಿರಲಿಲ್ಲ. ಚರ್ಮ ಹಿಗ್ಗಿರಲಿಲ್ಲ. ತೂತು ಹರಿದಿರಲಿಲ್ಲ. ಬಕಲ್ಲು ಬಾಗಿರಲಿಲ್ಲ. ಆ ಪಟ್ಟಿ ಮುಗಿದ ಮೇಲೆ ಉಳಿದ ಜೀನುಗಳ ಪಟ್ಟಿ ಹಿಡಿದ. ಗಟ್ಟಿಮುಟ್ಟಾಗಿದ್ದ ಹೊಲಿಗೆಯೆಲ್ಲ ಬಿಚ್ಚಿ, ಎಳೆ ಎಳೆ ಬೆಳಕಿಗೆ ಹಿಡಿದು, ಮತ್ತೆ ದಬ್ಬಳ ಹಿಡಿದು ಹೊಲಿದ. ಕಡ್ಡಿ ಟಾರ್ಚು ಹಿಡಿದೇ ಇದ್ದಳು. ಈಗ ಹೇಳುತ್ತೇನೆ, ಈ ಪಟ್ಟಿ ಮುಗಿಯಲಿ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ಬೆಳಕನ್ನು ಅವನು ಹೇಳಿದ ಕಡೆಗೆ ತಿರುಗಿಸುತ್ತಿದ್ದಳು.

ಒಂದು ದಿನ ಅಪ್ಪ ಬಿಚ್ಚುವುದನ್ನು ನಿಲ್ಲಿಸಿದ. ಬಕಲ್ಲನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಲಗೈಯ ಹೆಬ್ಬೆರಳಿನಿಂದ ಮುಳ್ಳನ್ನು ತೂತಿಗೆ ಕೂರಿಸಿದ. ಕಣ್ಣು ತೆರೆದು ನೋಡಿದ. ಮತ್ತೆ ಕಣ್ಣು ಮುಚ್ಚಿ ಕೂರಿಸಿದ. ಹಾಗೆ ಬಹಳ ಹೊತ್ತು ಮಾಡಿ, "ನೋಡಿಲ್ಲಿ" ಎಂದ. ಮುಳ್ಳಿನ ತುದಿ ತೂತಿನ ಅಂಚಿಗೆ ಮಾತ್ರ ಸಿಕ್ಕಿಕೊಂಡಿತ್ತು. "ಎಳೆದ್ರೆ ಗಟ್ಟಿ ಇದೆ. ಬೆರಳು ಹಾಕಿದ್ರೂ ಗಟ್ಟೀನೇ ಅನ್ಸುತ್ತೆ. ಕುದುರೆ ಓಡೋಕೆ ಶುರು ಮಾಡಿದ್ರೆ ಜಾರುತ್ತೆ. ಅವತ್ತು ಹೀಗೇ ಅರ್ಧ ಕೂತಿರ್ಬೇಕು. ಈ ಹೆಬ್ಬೆರಳಲ್ಲಿ ಈಗೀಗ ಸ್ಪರ್ಶ ಕಡಿಮೆ ಕಣಮ್ಮ, ನಾನು ಯಾರಿಗೂ ಹೇಳಿರಲಿಲ್ಲ. ನೀನು ಎಳೆಯೋದು ಆ ಕೊನೆಯ ಬಕಲ್ಲು. ಇದು ನಿನಗೆ ಹೊರಗಿಂದ ಗಟ್ಟಿ ಅನ್ನಿಸ್ತು, ನೀನು ಬಿಟ್ಟೆ. ನಿನ್ನ ತಪ್ಪೇನಿಲ್ಲ. ಇರಬಹುದಾ?"

ಅವನು ಮಗಳ ಮುಖವನ್ನೇ ನೋಡುತ್ತಿದ್ದ. ಇಷ್ಟು ದಿನದ ಹುಡುಕಾಟಕ್ಕೆ ಒಂದು ಉತ್ತರ ಬೇಕಾಗಿತ್ತು ಅವನಿಗೆ, ಅದು ತನ್ನನ್ನೇ ಹಾಳು ಮಾಡುವ ಉತ್ತರವಾದರೂ ಸರಿ.

"ಇರಬಹುದಪ್ಪ" ಎಂದಳು ಕಡ್ಡಿ.

ಮೊದಲ ಸುಳ್ಳು ಬಾಯಿ ತಪ್ಪಿ ಬಂದದ್ದು ಎನ್ನೋಣ. ಇದು ಹಾಗಲ್ಲ. ಇದನ್ನು ಅವಳು ನೋಡಿ, ತೂಗಿ, ತಂದೆಯ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು. ಹೇಳಿದ ಮೇಲೆ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯೆಂದರೆ, ಒಳಗೆಲ್ಲೋ ಹಗುರವೂ ಆಯಿತು.

ಅಂದಿನಿಂದ ಅಪ್ಪ ಜೀನು ಮುಟ್ಟಲಿಲ್ಲ. ದಬ್ಬಳವನ್ನೂ ದಾರವನ್ನೂ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಲಾಯ ಗುಡಿಸುವುದು, ಹುಲ್ಲು ಹಾಕುವುದು, ನೀರು ತುಂಬುವುದು ಇಷ್ಟೇ ಮಾಡಿದ. ಕಲಿಯಲು ಬಂದವರಿಗೆ ತನ್ನ ಹಳೆಯ ಮಾತನ್ನು ಹೇಳುವುದನ್ನೂ ಬಿಟ್ಟ. ಸೊಸೆಯ ಕೋಣೆಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು, "ನೋವು ಹೇಗಿದೆಯಮ್ಮಾ?" ಎಂದು ನೆಲ ನೋಡಿಕೊಂಡು ಕೇಳಿ ಹೋಗುತ್ತಿದ್ದ. "ಮಾವ, ಒಳಗೆ ಬನ್ನಿ. ನಿಮ್ಮ ತಪ್ಪಲ್ಲ" ಎಂದು ಅತ್ತಿಗೆ ಕರೆದರೆ, "ತಪ್ಪು ನಂದೇ. ನನ್ನ ಕೈ ಹೋಯ್ತು" ಎನ್ನುತ್ತಿದ್ದ. ತಟ್ಟೆಯ ಮುಂದೆ ಕೂತು ಆಗಾಗ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡುತ್ತಿದ್ದ. ಅದನ್ನು ಕಂಡರೆ ಕಡ್ಡಿ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಯಾವ ಕೈಯ ಮಾತೆತ್ತಿದರೂ ಅವಳು ತನ್ನ ಕೈಯನ್ನು ಸೆರಗಿನಡಿ ಎಳೆದುಕೊಳ್ಳುತ್ತಿದ್ದಳು.

ಈಗ ಜೀನು ಬಿಗಿಯುವವನು ಅಣ್ಣ, ನೋಡುವವಳು ಅವಳು. "ನೋಡಿದ್ಯಾ?" ಎಂದು ಯಾರಾದರೂ ಕೇಳಿದರೆ ಅವಳು ಇನ್ನೊಮ್ಮೆ ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, ಕೊನೆಗೆ ತಲೆಯಾಡಿಸುತ್ತಿದ್ದಳು. ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಎಷ್ಟು ನೋಡಿದರೂ, ನೋಡದೆ ಬಿಟ್ಟ ಒಂದು ಸಲಕ್ಕೆ ಅದು ಸಮ ಆಗುತ್ತಿರಲಿಲ್ಲ.

ಅತ್ತಿಗೆ ಕೋಲು ಹಿಡಿದು ನಡೆಯಲು ಕಲಿತಳು. ಅಂಗಳದವರೆಗೆ ಬಂದಳು, ಆಮೇಲೆ ಗೇಟಿನವರೆಗೆ. ಒಂದು ಬೆಳಿಗ್ಗೆ ಕಡ್ಡಿಯ ಭುಜ ಹಿಡಿದು ಬಯಲಿಗೇ ಬಂದು, ಹತ್ತಲು ಹಾಕಿದ್ದ ಮರದ ಮೆಟ್ಟಿಲ ಮೇಲೆ ಕೂತು, "ಜಂಬಿ ಓಡೋದನ್ನ ನೋಡ್ಬೇಕು ನಾನು. ಇಲ್ಲದಿದ್ರೆ ಆ ಬಿದ್ದ ದಿನಾನೇ ಕಣ್ಣ ಮುಂದೆ ಇರುತ್ತೆ" ಎಂದಳು. ಅಣ್ಣ ಲಾಳಕ್ಕೆ ಕಬ್ಬಿಣ ತರಲು ಹೋಗಿದ್ದ. ಕಲಿಯಲು ಬಂದಿದ್ದವಳು ಹಲ್ಲಿನ ಡಾಕ್ಟರಮ್ಮ ಒಬ್ಬಳೇ. ದಿನವಿಡೀ ಊರವರ ಬಾಯಿ ತೆರೆಸುವ ಆಕೆ ಕುದುರೆಯ ಹತ್ತಿರ ಬಂದರೆ ತಾನೇ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದಳು.

ಅಪ್ಪ ಜೀನನ್ನು ಹೊತ್ತು ತಂದು ಬೇಲಿಯ ಮೇಲಿಟ್ಟ. ಸೊಸೆಯ ಕಡೆ ನೋಡಲಿಲ್ಲ.

"ಕಡ್ಡೀ, ನೀನೇ ಬಿಗಿ. ನೀನೇ ನೋಡು."

"ಎರಡು ಕೈ ಬೇಕಲ್ಲಪ್ಪ."

"ಅದು ನಾನು ಮಾಡಿದ ನಿಯಮ, ನಾನೇ ತೆಗೀತೀನಿ. ಎರಡನೇ ಕೈ ಯಾವತ್ತೂ ತಪ್ಪಲಿಲ್ಲ, ತಪ್ಪಿದ್ದು ಮೊದಲನೇದು. ಇನ್ನು ಮೇಲೆ ಈ ಲಾಯದಲ್ಲಿ ನಿನ್ನ ಕೈ ಒಂದು ಸಾಕು."

ಕಡ್ಡಿ ಜೀನು ಹಾಕಿದಳು. ಜಂಬಿ ಎಂದಿನಂತೆ ಉಸಿರು ಹಿಡಿದು ಹೊಟ್ಟೆ ಉಬ್ಬಿಸಿತು, ಇವಳು ಪಟ್ಟಿ ಎಳೆದು ಬಕಲ್ಲು ಕೂರಿಸಿದಳು. ನಡೆಸಿಕೊಂಡು ಒಂದು ಸುತ್ತು ಬಂದಳು. ಇಷ್ಟು ದಿನ ಅಪ್ಪನ ಕೆಲಸ ಹಾಳಾಯಿತೆಂದು ಅಳುತ್ತಿದ್ದಳು. ಈಗ ಹೊಳೆಯಿತು, ಇನ್ನು ತಾನು ತಪ್ಪಿದರೆ ಹಿಡಿಯುವವರೇ ಇಲ್ಲ. ಸಿಟ್ಟು ಬಂದರೆ ನೋಡದೆ ಬಿಡುವ ಕೈ ಇದು ಎಂದು ಅವಳೊಬ್ಬಳಿಗೆ ಗೊತ್ತು. ಆ ಕೈಗೆ ಅಪ್ಪ ಇಡೀ ಲಾಯವನ್ನೇ ಒಪ್ಪಿಸುತ್ತಿದ್ದಾನೆ.

ಡಾಕ್ಟರಮ್ಮ ಹೆದರುತ್ತ ಬಂದು, ತನಗೆ ಕಲಿಸಿದ್ದ ಮಾತನ್ನೇ ಕೇಳಿದಳು. "ನೋಡಿದ್ರಾ?"

"ಇಲ್ಲ" ಎಂದಳು ಕಡ್ಡಿ. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಕಡ್ಡಿ ಅಪ್ಪನ ಕಡೆ ತಿರುಗಿದಳು. "ನೋಡ್ಲಿಲ್ಲಪ್ಪ. ಅವತ್ತು ನಾನು ನೋಡ್ಲೇ ಇಲ್ಲ. ಪಟ್ಟಿಗೆ ಕೈ ಹಾಕ್ಲೇ ಇಲ್ಲ. ಅತ್ತಿಗೆ ಮೇಲೆ ಸಿಟ್ಟಿತ್ತು. ಜೀನು ತಟ್ಟಿ ಹೊರಟುಹೋದೆ. ನೀನು ಕೇಳಿದಾಗ ಸುಳ್ಳು ಹೇಳಿದೆ."

ಅಪ್ಪ ಕಿವಿ ಸರಿಯಾಗಿ ಕೇಳಿಸದವನ ಹಾಗೆ ಎರಡು ಹೆಜ್ಜೆ ಹತ್ತಿರ ಬಂದ.

"ಜಂಬಿ ಹೊಟ್ಟೆ ಇಳಿದ ಮೇಲೆ ಬಿಗೀಲೇ ಇಲ್ವಾ ನೀನು?"

"ಇಲ್ಲ."

"ನಾನು ಕೂರಿಸಿದ ಮುಳ್ಳು?"

"ಸರಿಯಾಗೇ ಕೂತಿರ್ಬೇಕಪ್ಪ. ನಿನ್ನ ಕೈಗೆ ಏನೂ ಆಗಿಲ್ಲ."

ಅಪ್ಪ ತನ್ನ ಬಲಗೈಯನ್ನು ಎತ್ತಿ ನೋಡಿದ. ಹೆಬ್ಬೆರಳನ್ನು ಮಡಿಸಿದ, ಬಿಡಿಸಿದ. ಅವನ ಮುಖದಲ್ಲಿ ಒಂದು ನಗು ಬಂತು. ಮುದುಕ ಹಾಗೆ ನಕ್ಕದ್ದನ್ನು ಆ ಮನೆಯವರು ಬಹಳ ದಿನದಿಂದ ಕಂಡಿರಲಿಲ್ಲ. ಕಡ್ಡಿಗೆ ಅಳು ಒತ್ತಿಕೊಂಡು ಬಂತು, ಎಲ್ಲ ಸರಿಹೋಯಿತು ಎಂದೂ ಅನ್ನಿಸಿತು. ಅಷ್ಟರಲ್ಲಿ ಅವನು ತಲೆಯೆತ್ತಿ ಅವಳನ್ನು ನೋಡಿದ, ನಗು ಹೋಗಿತ್ತು.

"ಅಷ್ಟೂ ಪಟ್ಟಿ ಬಿಚ್ಚಿದೆ" ಎಂದ ಮೆಲ್ಲಗೆ. "ನೀನು ಟಾರ್ಚು ಹಿಡ್ಕೊಂಡಿದ್ದೆ."

ಅವಳು ಲಗಾಮನ್ನು ಕೈಗೆ ಸುತ್ತಿಕೊಂಡಳು.

"ಇರಬಹುದಾ ಅಂತ ಕೇಳಿದೆ. ನೀನು ಇರಬಹುದು ಅಂದೆ." ಅವನು ಬೈಯಲಿಲ್ಲ, ಕೂಗಲಿಲ್ಲ. ಅವಳ ಕೈಯಿಂದ ಲಗಾಮು ತೆಗೆದುಕೊಂಡು ಬೇಲಿಗೆ ಸುತ್ತಿದ. ಅವಳು ಕಟ್ಟಿದ್ದ ಬಕಲ್ಲು ಬಿಚ್ಚಿದ, ಜೀನನ್ನು ಎತ್ತಿ ಸರಿಯಾಗಿ ಇಟ್ಟ, ಪಟ್ಟಿಯನ್ನು ಎಳೆದು ಮುಳ್ಳು ಕೂರಿಸಿದ. ಈ ಸಲ ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದಲೇ ಕೂರಿಸಿದ. ಜಂಬಿಯನ್ನು ತಾನೇ ಒಂದು ಸುತ್ತು ನಡೆಸಿ ತಂದು ಮೆಟ್ಟಿಲ ಹತ್ತಿರ ನಿಲ್ಲಿಸಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ: "ಎರಡನೇ ಕೈ ಬೇಕು."

ಕಡ್ಡಿ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟಳು.

"ಬೇಡ" ಎಂದಳು ಅತ್ತಿಗೆ.

ಕೋಲೂರಿ ಎದ್ದಳು. ಡಾಕ್ಟರಮ್ಮ ಹಿಡಿಯಲು ಹೋದರೆ ಬೇಡವೆಂದು ಕೈಯಾಡಿಸಿದಳು. ಕುಂಟುತ್ತ ಜಂಬಿಯ ಪಕ್ಕಕ್ಕೆ ಬಂದು ಅದರ ಮೈಗೆ ಭುಜ ಒರಗಿಸಿಕೊಂಡು ನಿಂತಳು. ಪಟ್ಟಿ ನೋಡಲು ಎರಡೂ ಕೈ ಬೇಕು. ಕೋಲನ್ನು ಕಡ್ಡಿಯ ಕಡೆ ಚಾಚಿದಳು.

"ಹಿಡ್ಕೋ."

ಕಡ್ಡಿ ಹಿಡಿದುಕೊಂಡಳು. ಅತ್ತಿಗೆ ಬಗ್ಗಿದಳು. ಅರ್ಧ ಬಗ್ಗುವಷ್ಟರಲ್ಲಿ ತೊಡೆ ಎಳೆದು ನಿಂತುಬಿಟ್ಟಳು, ಕಣ್ಣು ಮುಚ್ಚಿ, ತುಟಿ ಕಚ್ಚಿ, ಮತ್ತೆ ಸ್ವಲ್ಪ ಬಗ್ಗಿದಳು. ಹಣೆಯ ಮೇಲೆ ಬೆವರು ಮೂಡಿತು. ಕಡ್ಡಿಗೆ ನೋಡಲಾಗಲಿಲ್ಲ. ಬೇರೆ ಕಡೆ ನೋಡುವ ಧೈರ್ಯವೂ ಇರಲಿಲ್ಲ. ಎಷ್ಟು ಸುಲಭದ ಕೆಲಸ ಅದು. ಎರಡೂ ಕಾಲು ಗಟ್ಟಿಯಿದ್ದವಳು ತಾನು, ಬಗ್ಗಿ ಬೆರಳು ತೂರಿಸಿದ್ದರೆ ಮುಗಿಯುತ್ತಿತ್ತು.

ಅತ್ತಿಗೆಯ ಬೆರಳು ಪಟ್ಟಿಯ ಕೆಳಗೆ ಹೋಯಿತು. ಸಡಿಲವಿತ್ತು, 'ಹ್ಞೂಂ' ಎಂದಳು. ಒಂದು ತೂತು ಎಳೆದಳು. ಉಸಿರು ತೆಗೆದುಕೊಂಡು ಇನ್ನೊಂದು ಎಳೆದಳು. ರಿಕಾಬು ಜಗ್ಗಿದಳು. ಗೊರಸು ಎತ್ತಲು ಅವಳಿಂದ ಆಗಲಿಲ್ಲ, ಅಪ್ಪ ಬಂದು ಎತ್ತಿ ಹಿಡಿದ, ಅವಳು ನೋಡಿದಳು. ಮಾವನೂ ಸೊಸೆಯೂ ಅಷ್ಟು ಹತ್ತಿರ ನಿಂತದ್ದು ಅವಳು ಬಿದ್ದ ಮೇಲೆ ಅದೇ ಮೊದಲು.

"ನೋಡಿದ್ರಾ?" ಎಂದು ಡಾಕ್ಟರಮ್ಮ ಕೇಳಿದಳು.

"ನೋಡಿದೆ. ಹತ್ತಿ."

ಡಾಕ್ಟರಮ್ಮ ಹತ್ತಿದಳು. ಅಪ್ಪ ಲಗಾಮು ಹಿಡಿದು ಜಂಬಿಯನ್ನು ಬಯಲಿಗೆ ನಡೆಸಿದ. ಇಬ್ಬರೇ ಉಳಿದಾಗ ಕಡ್ಡಿ, "ಅತ್ತಿಗೆ, ತಪ್ಪಾಯ್ತು" ಎಂದಳು. ಇಷ್ಟು ದಿನ ಗಂಟಲಲ್ಲಿ ಕೂತಿದ್ದ ಮಾತು, ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿತ್ತೆಂದು ಅವಳಿಗೇ ನಾಚಿಕೆಯಾಯಿತು.

ಅತ್ತಿಗೆ ಕೋಲಿಗಾಗಿ ಕೈ ಚಾಚಿದಳು. ಮುಖ ತಿರುಗಿಸಲಿಲ್ಲ, ಜಂಬಿ ಹೋಗುವುದನ್ನೇ ನೋಡುತ್ತಿದ್ದಳು.

"ಈಗ ಅಲ್ಲ, ಅವತ್ತು... ಅವತ್ತು ನೀನು ನನ್ನ ತಲೆ ಬಾಚ್ತಾ ಕೂತಿದ್ದಾಗ ಹೇಳ್ಬೇಕಿತ್ತು" ಎಂದಳು. ಸಿಟ್ಟಿಗೆ ಅವಳ ಮಾತೇ ತೊಡರುತ್ತಿತ್ತು. "ನಾನು ನಿನ್ನ ಹತ್ರ ಕ್ಷಮೆ ಕೇಳಿದ್ನಲ್ಲೇ."

"ಹೂಂ."

"ನಾಳೆಯಿಂದ ಮಾವ ಬಿಗೀತಾರೆ, ನಾನು ನೋಡ್ತೀನಿ. ದಿನಾ. ಎಷ್ಟು ನೋವಾದ್ರೂ ನಾನೇ ಬಗ್ತೀನಿ. ನೀನು ಪಕ್ಕದಲ್ಲಿ ನಿಂತ್ಕೊಂಡು ಕೋಲು ಹಿಡ್ಕೊಂಡಿರ್ಬೇಕು."

"ಎಲ್ಲಿವರೆಗೆ ಅತ್ತಿಗೆ?"

ಅತ್ತಿಗೆ ಕೋಲನ್ನು ನೆಲಕ್ಕೆ ಊರಿದಳು. "ನಂಗೊತ್ತಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಡ್ಡಿ ಮೆಟ್ಟಿಲ ಹತ್ತಿರ ನಿಂತಳು.